ಬ್ರೇಕ್ ಹಿಡಿದರೆ ಇಂಜಿನ್ ಆಫ್: ಪ್ಲಗ್ ಬದಲಿಸುವ ಮುಂಚೆ ಇದನ್ನು ಓದಿ

ಪ್ರಶ್ನೆ: ನನ್ನದು 2015ರ 150 ಸಿಸಿ ಕಾರ್ಬೊರೇಟರ್ ಬೈಕ್. ಜೋರಾಗಿ ಬ್ರೇಕ್ ಹಾಕಿದಾಗ ಇಂಜಿನ್ ಆಫ್ ಆಗುತ್ತದೆ. ಮೊನ್ನೆ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ತಿರುವಿನಲ್ಲೇ ಕೈಕೊಟ್ಟಿತು. ಪ್ಲಗ್, ಕಾಯಿಲ್, ಸಿಡಿಐ (ಪ್ಲಗ್ಗಿಗೆ ಕಿಡಿ ಹೊಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಎಲ್ಲ ಬದಲಿಸಿದ್ದಾಯಿತು. ಈಗ ಕಾರ್ಬೊರೇಟರೇ ಹೊಸದು ಹಾಕಬೇಕಂತೆ. ಬ್ರೇಕ್ ಬೂಸ್ಟರ್ ಲೀಕ್ ಇರಬಹುದು ಅಂತ ಒಂದು ವಿಡಿಯೊದಲ್ಲಿ ನೋಡಿದೆ. ಏನು ಮಾಡಲಿ?
– ಮೂಡಿಗೆರೆಯ ಓದುಗರು

ಬೂಸ್ಟರ್ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಅದು ಇರುವುದು ಕಾರಿಗೆ. ಅಲ್ಲಿ ಇಂಜಿನ್ನಿನ ವ್ಯಾಕ್ಯೂಮ್ ಬ್ರೇಕಿಗೆ ಬಲ ಕೊಡುತ್ತದೆ, ಲೀಕ್ ಆದರೆ ಪೆಡಲ್ ತುಳಿದಾಗ ಇಂಜಿನ್ ನಿಲ್ಲುವುದೂ ಉಂಟು. ನಿಮ್ಮ ಬೈಕಿನಲ್ಲಿ ಆ ಸಾಮಾನೇ ಇಲ್ಲ. ಕಾರಿನ ಉತ್ತರವನ್ನು ಬೈಕಿಗೆ ಅಂಟಿಸಿ ವಿಡಿಯೊ ಮಾಡುವವರಿಗೆ ಏನು ಹೇಳೋಣ. ಇನ್ನು ಪ್ಲಗ್ಗು. ಬೇರೆ ಹೊತ್ತಿನಲ್ಲೆಲ್ಲ ಚೆನ್ನಾಗಿದ್ದು, ಬ್ರೇಕ್ ಹಾಕಿದಾಗ ಮಾತ್ರ ಕೆಡುವ ಪ್ಲಗ್ಗನ್ನು ನಾನಂತೂ ಕಂಡಿಲ್ಲ.

ಜೋರಾಗಿ ಬ್ರೇಕ್ ಹಾಕುವಾಗ ಬರೀ ಬ್ರೇಕ್ ಬೀಳುವುದಿಲ್ಲ. ಆಕ್ಸಿಲರೇಟರ್ ಫಟ್ಟನೆ ಬಿಡುತ್ತೀರಿ, ಕ್ಲಚ್ ಹಿಡಿಯುತ್ತೀರಿ, ಬ್ರೇಕ್ ಲೈಟ್ ಹತ್ತುತ್ತದೆ, ಹಿಂದಿನ ಚಕ್ರ ಲಾಕ್ ಆಗಬಹುದು, ಗಾಡಿಯ ಮೂತಿ ತಗ್ಗಿ ಪೆಟ್ರೋಲೆಲ್ಲ ಮುಂದಕ್ಕೆ ನುಗ್ಗುತ್ತದೆ. ಇದರಲ್ಲಿ ಯಾವುದು ಇಂಜಿನ್ ಆಫ್ ಮಾಡುತ್ತಿದೆ ಅಂತ ಒಂದೊಂದಾಗಿ ಬಿಡಿಸಿ ನೋಡಬೇಕು. ಮನೆ ಮುಂದೆಯೇ ನೋಡಬಹುದು. ಘಾಟಿಯಲ್ಲಿ ‘ಟ್ರಯಲ್’ ಬೇಡವೇ ಬೇಡ.

ಹತ್ತು ನಿಮಿಷ ಓಡಿಸಿ ಬಿಸಿಯಾದ ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ. ನ್ಯೂಟ್ರಲ್‌ನಲ್ಲಿ ಚೆನ್ನಾಗಿ ರೈಸ್ ಮಾಡಿ, ಒಮ್ಮೆಲೇ ಕೈಬಿಡಿ. ಇಂಜಿನ್ ನಿಂತಿತೇ? ಹಾಗಾದರೆ ಬ್ರೇಕಿನದೇನೂ ತಪ್ಪಿಲ್ಲ. ಐಡ್ಲಿಂಗ್ (ಆಕ್ಸಿಲರೇಟರ್ ಬಿಟ್ಟಾಗಿನ ಇಂಜಿನ್ ವೇಗ) ಕಡಿಮೆಯಿದೆ, ಇಲ್ಲವೇ ಐಡ್ಲಿಂಗಿಗೆ ಪೆಟ್ರೋಲ್ ಕೊಡುವ ಸಣ್ಣ ತೂತು, ಅಂದರೆ ಸ್ಲೋ ಜೆಟ್ಟಿನಲ್ಲಿ ಕಸ ಕೂತಿದೆ. ಇಂಥ ಬೈಕುಗಳಿಗೆ ಬಿಸಿ ಇಂಜಿನ್ನಿನಲ್ಲಿ ಸುಮಾರು 1400 ಆರ್‌ಪಿಎಂ ಬೇಕು. ಮೈಲೇಜ್ ಬರಲಿ ಅಂತ ಸ್ಕ್ರೂ ಇಳಿಸಿಕೊಂಡು ಡುಗು ಡುಗು ಅನ್ನಿಸಿಕೊಂಡು ಓಡಾಡುವವರೇ ಆಮೇಲೆ ನನಗೆ ಈ ಪತ್ರ ಬರೆಯುವುದು. ಬಹಳ ಕೇಸುಗಳು ಇಲ್ಲೇ ಮುಗಿಯುತ್ತವೆ.

ನಿಲ್ಲಲಿಲ್ಲವೇ? ಐಡ್ಲಿಂಗಿನಲ್ಲೇ ಬಿಟ್ಟು ಮೊದಲು ಕೈ ಬ್ರೇಕ್, ಆಮೇಲೆ ಕಾಲು ಬ್ರೇಕ್ ಒತ್ತಿ ನೋಡಿ. ಗಾಡಿ ನಿಂತೇ ಇದೆ, ಆದರೂ ಇಂಜಿನ್ ತಡವರಿಸಿದರೆ ಅದು ಕರೆಂಟಿನ ತೊಂದರೆ. ಬ್ರೇಕ್ ಲೈಟಿನ ವೈರ್ ಎಲ್ಲೋ ಸವೆದು ಬಾಡಿಗೆ ತಾಗುತ್ತಿದೆ. ಮುಂದೆ, ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ, ಮುಂದಿನ ಬ್ರೇಕ್ ಹಿಡಿದು, ಹ್ಯಾಂಡಲ್ ಮೇಲೆ ಭಾರ ಹಾಕಿ ಶಾಕ್ ಅಬ್ಸಾರ್ಬರನ್ನು ನಾಲ್ಕೈದು ಸಲ ಕೆಳಗೆ ಒತ್ತಿ. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ. ಹೆಡ್‌ಲೈಟಿನ ಹಿಂದೆ ಕೀ ಸ್ವಿಚ್ಚಿಗೆ ಬರುವ ವೈರಿನ ಗೊಂಚಲು ಬಿಗಿದುಕೊಂಡಿದ್ದರೆ ಇಲ್ಲಿ ಬಾಯಿಬಿಡುತ್ತದೆ.

ಕ್ಲಚ್ ನೋಡಲು ಮತ್ತೆ ಡಬಲ್ ಸ್ಟ್ಯಾಂಡ್. ಕ್ಲಚ್ ಪೂರ್ತಿ ಹಿಡಿದು ಫಸ್ಟ್ ಗೇರ್ ಹಾಕಿ. ಹಿಂದಿನ ಚಕ್ರ ನಿಧಾನಕ್ಕೆ ತಿರುಗಿದರೆ ಹೆದರಬೇಡಿ. ಆದರೆ ಕಾಲು ಬ್ರೇಕ್ ಮೆಲ್ಲಗೆ ಒತ್ತಿದಾಗ ಇಂಜಿನ್ ನರಳಿದರೆ ಕ್ಲಚ್ ಪೂರ್ತಿ ಬಿಡಿಸಿಕೊಳ್ಳುತ್ತಿಲ್ಲ ಎಂದರ್ಥ. ಲಿವರ್ ತುದಿಯಲ್ಲಿ 10ರಿಂದ 15 ಮಿಲಿಮೀಟರ್ ಪ್ಲೇ (ಸಡಿಲ) ಸಾಕು, ಜಾಸ್ತಿ ಇದ್ದರೆ ಕೇಬಲ್ ಬಿಗಿ ಮಾಡಿಸಿ. ಕ್ಲಚ್ಚೇ ಹಿಡಿಯದೆ ಹಿಂದಿನ ಬ್ರೇಕ್ ತುಳಿಯುವ ಅಭ್ಯಾಸವಿದ್ದರೆ ಅದಕ್ಕೆ ನನ್ನ ಹತ್ತಿರ ರಿಪೇರಿ ಇಲ್ಲ.

ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಕಾರ್ಬೊರೇಟರಿಗೆ ಕೈ ಹಾಕಿ. ನಿಮ್ಮದು ಇಳಿಜಾರಿನಲ್ಲಿ ನಿಂತದ್ದರಿಂದ ನನಗೆ ಅನುಮಾನ ಫ್ಲೋಟ್ ಮೇಲೆಯೇ, ಅಂದರೆ ಕಾರ್ಬೊರೇಟರ್ ತಳದ ಬಟ್ಟಲಿನಲ್ಲಿ ತೇಲುತ್ತ ಪೆಟ್ರೋಲ್ ಮಟ್ಟ ಕಾಯುವ ಸಾಮಾನಿನ ಮೇಲೆ. ಬಟ್ಟಲಿನಲ್ಲಿ ಪೆಟ್ರೋಲ್ ಮಟ್ಟ ಹೆಚ್ಚಿದ್ದರೆ ಮೂತಿ ತಗ್ಗಿದಾಗ ಇಂಜಿನ್ನಿಗೆ ಹಸಿ ಪೆಟ್ರೋಲ್ ನುಗ್ಗಿ ಮುಳುಗಿಸುತ್ತದೆ. ಆಗ ವಾಸನೆ ಬರುತ್ತದೆ, ಆಕ್ಸಿಲರೇಟರ್ ತಿರುಗಿಸಿ ಹಿಡಿದರೆ ಮಾತ್ರ ಸ್ಟಾರ್ಟ್ ಆಗುತ್ತದೆ. ಮಟ್ಟ ಕಡಿಮೆಯಿದ್ದರೆ ಜೆಟ್ಟಿಗೆ ಪೆಟ್ರೋಲ್ ಎಟುಕುವುದಿಲ್ಲ. ಆಗ ವಾಸನೆ ಇಲ್ಲ, ಚೋಕ್ ಎಳೆದರೆ ಎದ್ದುಕೊಳ್ಳುತ್ತದೆ.

ಇದನ್ನು ಬಿಚ್ಚದೆಯೇ ನೋಡಬಹುದು. ಇಂಜಿನ್ ಆಫ್ ಮಾಡಿ, ತಣ್ಣಗಾಗಲು ಬಿಡಿ, ಬೀಡಿ ಸಿಗರೇಟು ದೂರ ಇರಲಿ. ಗಾಡಿ ನೇರ ನಿಂತಿರಬೇಕು. ಬಟ್ಟಲಿನ ತಳದ ಡ್ರೈನ್ ಮೂತಿಗೆ ಒಂದು ಗೇಣು ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಅದನ್ನು ಕಾರ್ಬೊರೇಟರ್ ಪಕ್ಕ ಮೇಲಕ್ಕೆತ್ತಿ ಹಿಡಿದು ಡ್ರೈನ್ ಸ್ಕ್ರೂ ಸಡಿಲಿಸಿ. ಬಟ್ಟಲಿನೊಳಗೆ ಎಷ್ಟಿದೆಯೋ ಟ್ಯೂಬಿನಲ್ಲೂ ಅಷ್ಟೇ ನಿಲ್ಲುತ್ತದೆ. ಬಟ್ಟಲು ಕೂಡುವ ಗೆರೆಯಿಂದ ಎಷ್ಟು ಕೆಳಗಿರಬೇಕೆಂಬುದು ನಿಮ್ಮ ಮಾಡೆಲಿನ ಸರ್ವಿಸ್ ಪುಸ್ತಕದಲ್ಲಿದೆ, ಅಂದಾಜಿನ ಕೆಲಸ ಬೇಡ. ನಿಲ್ಲದೆ ಏರುತ್ತಲೇ ಹೋದರೆ, ಫ್ಲೋಟ್ ಏರಿದಾಗ ಪೆಟ್ರೋಲ್ ತಡೆಯುವ ನೀಡಲ್ ವಾಲ್ವ್ ಬಿಚ್ಚಿಸಿ ನೋಡಿ. ಅದರ ಮೊನಚಿನ ಸುತ್ತ ಉಗುರಿಗೆ ತಾಗುವ ಒಂದು ಸಣ್ಣ ಉಂಗುರದ ಗುರುತು ಇದ್ದರೆ ಅದು ಸವೆದಿದೆ. ಬದಲಿಸಬೇಕಾದದ್ದು ಆ ಸಣ್ಣ ಸಾಮಾನು, ಇಡೀ ಕಾರ್ಬೊರೇಟರ್ ಅಲ್ಲ.

ಅಲ್ಲಿಯವರೆಗೆ ಘಾಟಿಗೆ ಹೋಗಬೇಡಿ. ಅನಿವಾರ್ಯವಾಗಿ ಹೋದಾಗ ಇಂಜಿನ್ ನಿಂತರೂ ಬ್ರೇಕ್ ಹಿಡಿದೇ ಹಿಡಿಯುತ್ತದೆ. ಗಾಬರಿಯಲ್ಲಿ ಕ್ಲಚ್ ಫಟ್ಟನೆ ಬಿಟ್ಟರೆ ಮಾತ್ರ ಹಿಂದಿನ ಚಕ್ರ ಜಾರುತ್ತದೆ.

ಪ್ರಶ್ನೆ: ಬಿಎಸ್6 (2020ರ ಹೊಗೆ ನಿಯಮದ) ಬೈಕ್, ಕಾರ್ಬೊರೇಟರ್ ಇಲ್ಲ. ರಿಸರ್ವ್‌ನಲ್ಲಿದ್ದಾಗ ಮಾತ್ರ ಬ್ರೇಕ್ ಹಾಕಿದರೆ ಆಫ್ ಆಗುತ್ತದೆ.

ಪೆಟ್ರೋಲ್ ಹಾಕಿಸಿ. ಟ್ಯಾಂಕಿನೊಳಗಿನ ಪಂಪ್ ಗಾಳಿ ಎಳೆಯುತ್ತಿದೆ. ಆ ಪಂಪ್ ತಣ್ಣಗಿರುವುದೂ ಪೆಟ್ರೋಲಿನಿಂದಲೇ, ಬರಿದಾಗಿಸಿ ಓಡಿಸಿದರೆ ಪಂಪಿನ ದುಡ್ಡೂ ಕಟ್ಟುತ್ತೀರಿ. ಫುಲ್ ಟ್ಯಾಂಕಿನಲ್ಲೂ ಹೀಗಾದರೆ ಬ್ಯಾಟರಿ ಟರ್ಮಿನಲ್ ಮತ್ತು ಸೈಡ್ ಸ್ಟ್ಯಾಂಡ್ ಸ್ವಿಚ್ ನೋಡಿಸಿ. ಸ್ಟ್ಯಾಂಡಿನ ಸ್ಪ್ರಿಂಗ್ ಸೋತಿದ್ದರೆ ಕುಲುಕಾಟಕ್ಕೆ ಸ್ಟ್ಯಾಂಡ್ ಅದುರಿ, ಸ್ವಿಚ್ಚೇ ಇಂಜಿನ್ ಆಫ್ ಮಾಡಿಬಿಡುತ್ತದೆ.

ಪ್ರಶ್ನೆ: ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವುದರಿಂದ ಇಂಜಿನ್ ನಿಲ್ಲುತ್ತದೆಯೇ? ಅದನ್ನು ತೆಗೆಸಬಹುದೇ?

ಇಲ್ಲ. ಬೇಡ. 125 ಸಿಸಿ ಮೀರಿದ ಹೊಸ ಬೈಕುಗಳಿಗೆಲ್ಲ 2019ರ ಏಪ್ರಿಲ್‌ನಿಂದ ಕಡ್ಡಾಯ ಮಾಡಿರುವುದು ಅಲಂಕಾರಕ್ಕಲ್ಲ.

ಪ್ರಶ್ನೆ: ಟ್ಯಾಂಕಿಗೆ ನುಸಿಗುಳಿಗೆ ಹಾಕಿದರೆ ಪಿಕಪ್ ಬರುತ್ತದಂತೆ, ಇಂಜಿನ್ ಆಫ್ ಆಗುವುದೂ ನಿಲ್ಲುತ್ತದಂತೆ?

ನುಸಿಗುಳಿಗೆ ಬೀರುವಿನಲ್ಲಿರಲಿ. ಹಾಗೆ ಹೇಳಿದವರ ಕೈಗೆ ಗಾಡಿ ಕೊಡಬೇಡಿ.

ಪ್ರಶ್ನೆ: ಇಂಜಿನ್ ಸದ್ದು ರೆಕಾರ್ಡ್ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಲೇ?

ಬೇಡ. ಮೇಲಿನ ಪರೀಕ್ಷೆಗಳಲ್ಲಿ ಯಾವುದರಲ್ಲಿ ನಿಂತಿತು ಅಂತ ಒಂದು ಸಾಲು ಬರೆದು ಕಳಿಸಿ.