ಟೊರಿಯಾಂಡೊ ಬಿಟ್ಟು ಪ್ರೆಶರ್ ಪಾಸಿಂಗ್‌ಗೆ ಹೋಗಬೇಕೇ?

ಬ್ರೆಜಿಲಿಯನ್ ಜಿಯು-ಜಿಟ್ಸುವಿನ ಟೊರಿಯಾಂಡೊದಲ್ಲಿ (ಎದುರಾಳಿಯ ಕಾಲುಗಳನ್ನು ಬದಿಗೆ ತಳ್ಳಿ ಬೇಗ ಸುತ್ತಿ ದಾಟುವುದು) ಕಾಲು ದಾಟಿದ ಮೇಲೂ ಉದ್ದ ಕಾಲಿನವರು ಮತ್ತೆ ಗಾರ್ಡ್ (ಕೆಳಗಿದ್ದು ಕಾಲುಗಳಿಂದ ತಡೆಯುವ ಸ್ಥಿತಿ) ಹಾಕಿಬಿಡುತ್ತಾರೆ, ಹಾಗಾಗಿ ಪ್ರೆಶರ್ ಪಾಸಿಂಗ್‌ಗೆ (ಮೈಭಾರ ಒತ್ತಿ ದಾಟುವುದಕ್ಕೆ) ಹೋಗಬೇಕೇ ಅಂತ ಕೇಳಿದ್ದೀರಿ. ಹೆಚ್ಚಾಗಿ ಇದು ಶೈಲಿಯ ತಪ್ಪಲ್ಲ. ನೀವು ಪ್ಯಾಂಟಿನ ಗ್ರಿಪ್ ಬೇಗ ಬಿಡುತ್ತಿದ್ದೀರಿ, ಅವರ ಸೊಂಟ ಇನ್ನೂ ತಿರುಗುವ ಸ್ಥಿತಿಯಲ್ಲಿದೆ.

ಮೊದಲು ಇದನ್ನು ಸರಿಮಾಡಿ: ಎರಡೂ ಮೊಣಕಾಲಿನ ಹತ್ತಿರ ಬಟ್ಟೆ ಹಿಡಿದು ಕಾಲುಗಳನ್ನು ಒಂದು ಬದಿಗೆ ಒತ್ತಿ, ಇನ್ನೊಂದು ಬದಿಯಿಂದ ಅವರ ಸೊಂಟದ ಮಟ್ಟಕ್ಕೆ ಹೆಜ್ಜೆ ಹಾಕಿ. ಭುಜದ ಭಾರ ಹೊಟ್ಟೆಯ ಮೇಲೆ ಕೂರುವವರೆಗೂ ಹತ್ತಿರದ ಮೊಣಕಾಲಿನ ಗ್ರಿಪ್ ಬಿಡಬೇಡಿ. ಆಮೇಲೆ ಕ್ರಾಸ್‌ಫೇಸ್ (ಭುಜ, ತೋಳಿನಿಂದ ಅವರ ಮುಖವನ್ನು ಆಚೆ ತಿರುಗಿಸಿ ಒತ್ತುವುದು). ಐಬಿಜೆಜೆಎಫ್ (ಈ ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟ) ನಿಯಮದಲ್ಲೂ ಗಾರ್ಡ್ ದಾಟಿ 3 ಸೆಕೆಂಡ್ ಹಿಡಿದು ನಿಂತರೆ ಮಾತ್ರ 3 ಅಂಕ.

ಅಷ್ಟರಲ್ಲೂ ಅವರು ಮೊಣಕಾಲನ್ನು ನಿಮ್ಮಿಬ್ಬರ ನಡುವೆ ತೂರಿಸಿದರೆ ಹಿಂದೆ ಸರಿದು ಮತ್ತೆ ಓಡಬೇಡಿ. ಪ್ರೆಶರ್‌ಗೆ ಅದೇ ಸಮಯ, ‘ನೀ ಕಟ್’ (ಮೊಣಕಾಲು ಅಡ್ಡ ಜಾರಿಸಿ ದಾಟುವುದು) ಮಾಡಿ. ಬಲ ಮೊಣಕಾಲನ್ನು ಅವರ ಬಲ ತೊಡೆಯ ಮೇಲೆ ಅಡ್ಡ ಜಾರಿಸಿ, ಬಲಗೈಯಿಂದ ಅವರ ಎಡಗಂಕುಳಿಗೆ ಅಂಡರ್‌ಹುಕ್ (ತೋಳಿನ ಕೆಳಗಿಂದ ಕೈ ಹಾಕಿ ಹಿಡಿಯುವುದು), ಎಡಗೈಯಲ್ಲಿ ಅವರ ಬಲ ತೋಳನ್ನು ಮೇಲಕ್ಕೆಳೆಯಿರಿ. ‘ನೀ ಕಟ್’ ಕೆಡುವುದು ಇಲ್ಲೇ: ಅಂಡರ್‌ಹುಕ್ ಅವರಿಗೆ ಸಿಕ್ಕರೆ ನಿಮ್ಮ ಬೆನ್ನಿಗೆ ಬರುತ್ತಾರೆ. ಸಿಕ್ಕಿತು ಅನ್ನಿಸಿದ ಕ್ಷಣ ಮೊಣಕಾಲು ಮುಂದೆ ತಳ್ಳುವುದನ್ನು ನಿಲ್ಲಿಸಿ, ಆ ತೋಳಿನ ಮೇಲಿಂದ ನಿಮ್ಮ ತೋಳು ಸುತ್ತಿ ಅದುಮುವ ವಿಜ್ಜರ್ ಬಿಗಿ ಮಾಡಿ, ತಲೆಯಿಂದ ಅವರ ಮುಖ ಒತ್ತಿ.

ಅವರು ಲಾಸೋ (ನಿಮ್ಮ ತೋಳು ಹಿಡಿದು ಅದಕ್ಕೆ ಕಾಲು ಸುತ್ತುವ ಗಾರ್ಡ್) ಹಾಕುತ್ತಾರೋ ಇಲ್ಲವೋ ನೀವು ಬರೆದಿಲ್ಲ. ಹಾಕುವವರಾದರೆ ತೋಳಿನ ಗ್ರಿಪ್ ಬಿಡಿಸುವವರೆಗೆ ಟೊರಿಯಾಂಡೊ ಶುರುವೇ ಮಾಡಬೇಡಿ, ಕೈ ಸಿಕ್ಕಿಕೊಂಡಿದ್ದರೆ ಬದಿಗೆ ಹೋಗಲು ಆಗುವುದಿಲ್ಲ.