ನಿಮ್ಮ ನಾಯಕಿಗೆ ಮಂಗಳ ಹೊಸದಲ್ಲ

ನಮಸ್ಕಾರ.

ನೀವು ಕಳಿಸಿದ ಮೂರು ಅಧ್ಯಾಯಗಳನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಭಾಷೆ ಚೆನ್ನಾಗಿದೆ, ಮಂಗಳನ ವಸಾಹತನ್ನು ಶ್ರದ್ಧೆಯಿಂದ ಕಟ್ಟಿದ್ದೀರಿ. ತೊಡಕಿರುವುದು ಅದನ್ನು ಯಾರ ಕಣ್ಣಿನಿಂದ ತೋರಿಸುತ್ತೀರಿ ಎಂಬಲ್ಲಿ.

ಕಥೆ ಹೇಳುವ ಹುಡುಗಿ ಅಲ್ಲೇ ಹುಟ್ಟಿ ಬೆಳೆದವಳು. ಆದರೂ ಎರಡನೇ ಪುಟದಲ್ಲಿ 'ಇಲ್ಲಿ ಗುರುತ್ವ ಭೂಮಿಯದರ ಶೇ. 38 ಮಾತ್ರ, ಹಾಗಾಗಿ ಹಗುರವಾಗಿ ನಡೆದೆ' ಎನ್ನುತ್ತಾಳೆ. ಅಂಕಿ ಸರಿ. ಆದರೆ ಅವಳ ಮೈ ಬಲ್ಲ ಭಾರ ಅದೊಂದೇ, ಅದು ಹಗುರ ಎಂದು ಅನಿಸುವುದಾದರೂ ಹೇಗೆ? ಆ ವಾಕ್ಯ ಅವಳದಲ್ಲ, ನಿಮ್ಮದು. ಸಂಜೆಯ ವರ್ಣನೆಯಲ್ಲಂತೂ ವಿಷಯವೇ ತಪ್ಪಿದೆ. ಮಂಗಳನ ಸಣ್ಣ ಧೂಳು ನೀಲಿ ಬೆಳಕನ್ನು ಹೆಚ್ಚಾಗಿ ಮುಂದಕ್ಕೆ ಹಾಯಿಸುತ್ತದೆ. ಹೀಗಾಗಿ ಮುಳುಗುವ ಸೂರ್ಯನ ಸುತ್ತ ಕಾಣುವುದು ನೀಲಿ, ಕೆಂಪಲ್ಲ. ಹಾಗೆಂದು ಅವಳಿಂದ ಇದನ್ನು ವಿವರಿಸಲು ಹೋಗಬೇಡಿ. 'ನೀಲಿ ಆಗೋದ್ರೊಳಗೆ ಮನೆಗೆ ಬಾ' ಎಂದು ಅಮ್ಮ ಕೂಗಿದರೆ ಸಾಕು.

ಅರ್ಸುಲಾ ಲೆ ಗ್ವಿನ್ ಅವರ 'ದ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್' (1969) ಕಾದಂಬರಿ ಓದಿ, ಪೆನ್ಸಿಲ್ ಹಿಡಿದು ಓದಿ. ಮೊದಲ ಅಧ್ಯಾಯದಲ್ಲಿ, ಹಿಮ ತುಂಬಿದ ಗ್ರಹವೊಂದಕ್ಕೆ ಹೊರಗಿನಿಂದ ದೂತನಾಗಿ ಬಂದ ಗೆನ್ಲಿ ಆಯ್ ಊಟಕ್ಕೆ ಕೂತಾಗ, ಗುಟುಕು ಗುಟುಕಿನ ನಡುವೆ ಪಾನೀಯದ ಮೇಲೆ ಕಟ್ಟುವ ಮಂಜುಗಡ್ಡೆ ಒಡೆಯಲೆಂದೇ ಒಂದು ಪುಟ್ಟ ಸಾಧನ ಮೇಜಿನ ಮೇಲಿದೆ. ಆ ಗ್ರಹದ ಚಳಿಯನ್ನೆಲ್ಲ ಆ ಒಂದು ವಸ್ತು ಹೇಳಿಬಿಡುತ್ತದೆ. ಅದು ಅವನ ಕಣ್ಣಿಗೆ ಬೀಳುವುದು ಅವನು ಹೊರಗಿನವನಾದ್ದರಿಂದ. ಅದೇ ಕಾರಣಕ್ಕೆ ಅವನು ಅಲ್ಲಿನ ಪ್ರಧಾನಿ ಎಸ್ಟ್ರಾವೆನ್‌ನನ್ನು ತಪ್ಪಾಗಿ ಅಳೆಯುತ್ತಾನೆ, ಅವನ ಕಣ್ಣನ್ನೇ ನಂಬಿದ ನಾವೂ ತಪ್ಪುತ್ತೇವೆ. ಆರನೇ ಅಧ್ಯಾಯದಲ್ಲಿ ಎಸ್ಟ್ರಾವೆನ್ ತಾನೇ ಮಾತಾಡತೊಡಗಿದಾಗ ಲೆಕ್ಕ ತಿರುಗುತ್ತದೆ. 15 ಮತ್ತು 16ನೇ ಅಧ್ಯಾಯಗಳನ್ನು ಒಂದೇ ಕೂರಿಕೆಯಲ್ಲಿ ಓದಿ. ಹಿಮದ ಮೇಲಿನ ಪಯಣ ಒಂದೇ, ಹೇಳುವವರು ಇಬ್ಬರು. ಅಲ್ಲಿನವನಾದ ಎಸ್ಟ್ರಾವೆನ್‌ಗೆ ವಿಚಿತ್ರವಾಗಿ ಕಾಣುವುದು ಜೊತೆಗಿರುವ ಗೆನ್ಲಿಯೇ. ಯಾರು ಯಾವುದನ್ನು ಬಿಡಿಸಿ ಹೇಳುತ್ತಾರೆ, ಯಾವುದನ್ನು ಹೇಳದೆ ಮುಂದೆ ಹೋಗುತ್ತಾರೆ ಎಂದು ಅಂಚಿನಲ್ಲಿ ಗುರುತು ಹಾಕಿಕೊಳ್ಳಿ.

ಆಮೇಲೆ ಅದೇ ಪೆನ್ಸಿಲ್ ನಿಮ್ಮ ಮೊದಲ ಹತ್ತು ಪುಟಗಳಿಗೆ. ಪ್ರತಿ ವಾಕ್ಯಕ್ಕೂ ಎರಡು ಪ್ರಶ್ನೆ: ಇದು ಅವಳಿಗೆ ಗೊತ್ತಿರಲು ಸಾಧ್ಯವೇ? ಗೊತ್ತಿದ್ದರೂ ಈ ಗಳಿಗೆಯಲ್ಲಿ ಅವಳ ಗಮನಕ್ಕೆ ಯಾಕೆ ಬರಬೇಕು? ಎರಡನೆಯದಕ್ಕೆ ಉತ್ತರ ಸಿಗದ ವಾಕ್ಯ ಹೋಗಲಿ. ಗಾಳಿಯ ಒತ್ತಡದ ಆ ಒಂದೂವರೆ ಪುಟ ಹೀಗೇ ಹೋಗುತ್ತದೆ. ಅದೇ ಒತ್ತಡ, ಅಮ್ಮ ಬಾಗಿಲಿನ ರಬ್ಬರ್ ಪಟ್ಟಿಯ ಮೇಲೆ ಬೆರಳಾಡಿಸಿ ಬಿರುಕು ಹುಡುಕುವ ಕಡೆ ಮರಳಿ ಬರಬಹುದು. 'ಅಮ್ಮನಿಗೆ ಒಳಗೊಳಗೇ ಭಯ' ಎಂಬ ಮಾತು ಮೊದಲ ಪ್ರಶ್ನೆಗೇ ಬೀಳುತ್ತದೆ. ಹುಡುಗಿಗೆ ಕಾಣುವುದು ಅಮ್ಮನ ಕೈ, ಮನಸ್ಸಲ್ಲ.

ಹನ್ನೊಂದನೇ ಪುಟವನ್ನು ಮಾತ್ರ ಮುಟ್ಟಬೇಡಿ. ಒಳಗೆ ಕಾಲಿಡುವ ಮೊದಲು ಅಮ್ಮ ಸೂಟಿನ ಮಂಡಿಯ ಮಡಿಕೆಯನ್ನು ಬ್ರಷ್‌ನಿಂದ ಉಜ್ಜುತ್ತಾಳೆ, ಯಾಕೆಂದು ಯಾರೂ ಹೇಳುವುದಿಲ್ಲ. ಧೂಳು ಅಲ್ಲಿ ಎಂಥ ಶತ್ರು ಎಂಬುದು ಅಷ್ಟರಲ್ಲೇ ತಿಳಿಯಿತು.

ಸದ್ಯಕ್ಕೆ ಮೊದಲ ಅಧ್ಯಾಯವನ್ನಷ್ಟೇ ತಿದ್ದಿ ಕಳಿಸಿ, ಕಾಯುತ್ತಿರುತ್ತೇನೆ.

— ಸಂ.