ಉದ್ಯಮ ಪ್ರಶ್ನೋತ್ತರ: ಕರಾವಳಿಯಲ್ಲೊಂದು ರೆಸ್ಲಿಂಗ್ ಕಂಪನಿ

ಪ್ರಶ್ನೆ: ನಾವು ಕೆಲವು ಗೆಳೆಯರು ಸೇರಿ ಕಾರವಾರದಲ್ಲಿ ಸ್ವತಂತ್ರ ವೃತ್ತಿಪರ ರೆಸ್ಲಿಂಗ್ ಕಂಪನಿ ಆರಂಭಿಸಬೇಕೆಂದಿದ್ದೇವೆ. ನಮ್ಮಲ್ಲಿಬ್ಬರು ಹೊರರಾಜ್ಯದಲ್ಲಿ ತರಬೇತಿ ಪಡೆದು ಬಂದಿದ್ದಾರೆ. ಮೊದಲ ಪ್ರದರ್ಶನವನ್ನು ಮಾಲಾದೇವಿ ಮೈದಾನದಲ್ಲಿ ಅದ್ದೂರಿಯಾಗಿ ನಡೆಸಿ, ಅದರ ವಿಡಿಯೋವನ್ನು ಟಿ.ವಿ. ವಾಹಿನಿಗೆ ಮಾರುವ ಯೋಚನೆಯಿದೆ. ಇದನ್ನು ಹವ್ಯಾಸವಾಗಿ ಅಲ್ಲದೆ ಉದ್ಯಮವಾಗಿ ನಡೆಸಲು ಸಾಧ್ಯವೇ?
— ಓದುಗರು, ಕಾರವಾರ

ಉತ್ತರ: ಸಾಧ್ಯವಿದೆ, ಆದರೆ ನೀವು ಬರೆದಿರುವ ಕ್ರಮದಲ್ಲಿ ಅಲ್ಲ. ನಿಮ್ಮ ಪತ್ರದಲ್ಲಿ ಮೈದಾನದ ಮಾತಿದೆ, ವಾಹಿನಿಯ ಮಾತಿದೆ; ರಿಂಗಿನಲ್ಲಿ ಬೀಳುವ ಹುಡುಗನಿಗೆ ಆ ರಾತ್ರಿ ಎಷ್ಟು ಹಣ ಕೊಡುತ್ತೀರಿ ಎಂಬ ಮಾತು ಮಾತ್ರ ಎಲ್ಲಿಯೂ ಇಲ್ಲ. ಈ ಉದ್ಯಮದ ಲೆಕ್ಕಪುಸ್ತಕದ ಮೊದಲ ಸಾಲು ಅದೇ ಆಗಬೇಕು ಎಂದು ನಾನು ಖಚಿತವಾಗಿ ನಂಬಿದ್ದೇನೆ. ಅಮೆರಿಕದ ಇ.ಸಿ.ಡಬ್ಲ್ಯೂ. ಕಂಪನಿಗೆ 1990ರ ದಶಕದಲ್ಲಿ ಇದ್ದಷ್ಟು ನಿಷ್ಠಾವಂತ ಪ್ರೇಕ್ಷಕರು ಬೇರೆ ಯಾವ ಸಣ್ಣ ಕಂಪನಿಗೂ ಇರಲಿಲ್ಲ ಎಂದರೆ ಅತಿಶಯೋಕ್ತಿಯಲ್ಲ, ಆದರೂ ಟಿ.ವಿ. ಒಪ್ಪಂದ ಕೈತಪ್ಪಿ, ಕುಸ್ತಿಪಟುಗಳಿಗೆ ಸಂಬಳ ಕೊಡಲಾಗದೆ, 2001ರಲ್ಲಿ ಅದು ದಿವಾಳಿಯಾಯಿತು. ನಮ್ಮ ದೇಶದಲ್ಲಿಯೂ ಅಮೆರಿಕದ ಟಿ.ಎನ್.ಎ. ರೆಸ್ಲಿಂಗ್ ಸಂಸ್ಥೆ ಪುಣೆಯಲ್ಲಿ ಚಿತ್ರೀಕರಿಸಿ, 2012ರಲ್ಲಿ ಕಲರ್ಸ್ ವಾಹಿನಿಯಲ್ಲಿ ಪ್ರಸಾರ ಮಾಡಿದ ‘ರಿಂಗ್ ಕಾ ಕಿಂಗ್’ ಒಂದೇ ಸರಣಿಗೆ ನಿಂತುಹೋಯಿತು. ವಾಹಿನಿಯನ್ನೇ ಆಧರಿಸಿ ಕಟ್ಟಿದ ಕಂಪನಿಗೆ ವಾಹಿನಿ ಹೋದ ಮರುದಿನ ನಿಲ್ಲಲು ನೆಲೆಯಿರುವುದಿಲ್ಲ.

2018ರಲ್ಲಿ ಷಿಕಾಗೊ ಸಮೀಪ ಕೆಲವು ಸ್ವತಂತ್ರ ಕುಸ್ತಿಪಟುಗಳು ‘ಆಲ್ ಇನ್’ ಎಂಬ ಪ್ರದರ್ಶನ ನಡೆಸಿ, ಹತ್ತು ಸಾವಿರಕ್ಕೂ ಹೆಚ್ಚು ಟಿಕೆಟುಗಳನ್ನು ಒಂದು ತಾಸಿನೊಳಗೆ ಮಾರಿದ್ದನ್ನು ನೀವು ಉದಾಹರಿಸಬಹುದು. ಅವರು ಅದಕ್ಕೆ ಮೊದಲು ವರ್ಷಗಟ್ಟಲೆ ಸಣ್ಣ ಸಭಾಂಗಣಗಳಲ್ಲಿ ಕುಸ್ತಿಯಾಡಿ, ಊರೂರಿನಲ್ಲಿ ತಮ್ಮ ಪ್ರೇಕ್ಷಕರನ್ನು ಗಳಿಸಿಕೊಂಡವರು ಎಂಬುದನ್ನೂ ಅದರ ಜೊತೆಗೇ ನೆನಪಿಡಬೇಕು.

ನಿಮಗೆ ಮಾದರಿ ಬೇಕಿದ್ದರೆ ಅಷ್ಟು ದೂರ ಹೋಗಬೇಕಾಗಿಲ್ಲ. ಯಕ್ಷಗಾನ ಮೇಳಗಳ ಲೆಕ್ಕಪತ್ರಗಳನ್ನು ಹಲವು ವರ್ಷ ನೋಡಿದ ಅನುಭವದಿಂದ ಹೇಳುವುದಾದರೆ, ನೀವು ಮಾಡಹೊರಟಿರುವುದು ಪಂದ್ಯಾವಳಿಯನ್ನಲ್ಲ, ಒಂದು ಮೇಳವನ್ನು. ಮಳೆಗಾಲ ಕಳೆದ ಮೇಲೆ ತಿರುಗಾಟ ಹೊರಟು ಮುಂದಿನ ಮಳೆಗೆ ಮೊದಲು ಗೆಜ್ಜೆ ಬಿಚ್ಚುವುದು, ಕಲಾವಿದನೊಂದಿಗೆ ಇಡೀ ತಿರುಗಾಟಕ್ಕೆ ಒಪ್ಪಂದ, ಅದೇ ಊರಿಗೆ ವರ್ಷ ವರ್ಷ ಹೋಗುವ ರೂಢಿ, ಇವೆಲ್ಲ ನಿಮಗೂ ಬೇಕು. ಡೇರೆ ಹಾಕಿ ಟಿಕೆಟ್ ಮಾರಿದ ಮೇಳಗಳಲ್ಲಿ ಎಷ್ಟೋ ಕಷ್ಟಕ್ಕೆ ಸಿಲುಕಿದಾಗ, ಆಡಿಸುವವರೇ ಪೂರ್ತಿ ಹಣ ಕೊಡುವ ಕಟ್ಟಾಟಗಳು ಕಲಾವಿದರನ್ನು ಉಳಿಸಿದವು ಎಂಬ ಪಾಠವೂ ಅಲ್ಲಿಯೇ ಇದೆ.

ಒಂದು ಲೆಕ್ಕ ಹಾಕಿ ನೋಡಿ. 150 ರೂಪಾಯಿಯ ಟಿಕೆಟಿಗೆ 400 ಜನ ಬಂದರೆಂದುಕೊಳ್ಳೋಣ; ಕೈಗೆ ಬರುವುದು 60,000 ರೂಪಾಯಿ. ಹತ್ತು ಮಂದಿ ಕುಸ್ತಿಪಟುಗಳಿಗೆ ತಲಾ 2,000 ಕೊಟ್ಟರೆ ಉಳಿಯುವುದು 40,000. ರಿಂಗಿನ ಲಾರಿ, ಅದನ್ನು ಕಟ್ಟಿ ಬಿಚ್ಚುವವರ ಕೂಲಿ, ಬೆಳಕು, ಧ್ವನಿ, ಜನರೇಟರ್, ಮೈದಾನದ ಬಾಡಿಗೆ, ಕುರ್ಚಿ, ಆಂಬುಲೆನ್ಸ್, ಪ್ರಚಾರ ಎಲ್ಲವೂ ಅದರಲ್ಲೇ ಆಗಬೇಕು. ಇನ್ನೂರು ಜನ ಮಾತ್ರ ಬಂದ ರಾತ್ರಿ ಕುಸ್ತಿಪಟುಗಳ ಹಣ ಕೊಟ್ಟ ಮೇಲೆ ನಿಮ್ಮಲ್ಲಿ ಉಳಿಯುವುದು ಕೇವಲ 10,000. ಹಾಗೆಂದು ಅವರ ಹಣಕ್ಕೆ ಕೈಹಾಕಬಾರದು, ಅದ್ದೂರಿತನವನ್ನು ಕಡಿತಗೊಳಿಸಿ. ಮೊದಲ ವರ್ಷ ಮೈದಾನದ ಆಸೆ ಬಿಟ್ಟು ಮುನ್ನೂರು ಜನ ಹಿಡಿಯುವ ಸಭಾಂಗಣ ಹಿಡಿಯಿರಿ. ಉತ್ಸವ ಸಮಿತಿಗಳಿಗೂ ಕ್ರೀಡಾ ಸಂಘಗಳಿಗೂ ಕಟ್ಟಾಟದ ಲೆಕ್ಕದಲ್ಲಿ ಪ್ರದರ್ಶನ ಕೊಡಿ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆ ನಿಮ್ಮನ್ನು ಸೆಳೆಯುತ್ತದೆ, ನಿಜ. ಆದರೆ ಅಲ್ಲಿ ನಾಟಕ ಕಂಪನಿ, ಸರ್ಕಸ್, ತೊಟ್ಟಿಲು ಎಲ್ಲದರ ಜೊತೆ ಪೈಪೋಟಿಯಿರುವುದರಿಂದ ಎರಡು ಋತು ಪಳಗಿದ ಮೇಲೆಯೇ ಹೋಗುವುದು ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ತರಬೇತಿ ಶಾಲೆ ನಡೆಸಿ. ಗ್ರೇಟ್ ಖಲಿ 2015ರಲ್ಲಿ ಜಲಂಧರದಲ್ಲಿ ಕಟ್ಟಿದ ಸಂಸ್ಥೆಯಲ್ಲಿ ತರಬೇತಿಯೂ ಪ್ರದರ್ಶನವೂ ಒಟ್ಟಿಗೇ ಇವೆ. ಕಲಿಯುವವರ ಶುಲ್ಕ ಬಾಡಿಗೆಗಾದರೂ ಆಗುತ್ತದೆ.

ರಿಂಗನ್ನು ಮಾತ್ರ ಸ್ವಂತಕ್ಕೆ ಮಾಡಿಸಿಕೊಳ್ಳಿ. ಉಕ್ಕಿನ ಚೌಕಟ್ಟು, ಅದರ ಮೇಲೆ ಹಲಗೆ, ಹಲಗೆಯ ಮೇಲೆ ತೆಳುವಾದ ಫೋಮ್, ಅದರ ಮೇಲೆ ಬಿಗಿದ ಕ್ಯಾನ್ವಾಸ್, ಇಷ್ಟೇ ಅದರ ರಚನೆ. ಕುಸ್ತಿಪಟುವಿನ ಬೆನ್ನುಮೂಳೆಯನ್ನು ಕಾಯುವುದು ಆ ಫೋಮ್ ಅಲ್ಲ. ಹಲಗೆ ತುಸು ಬಾಗಿ ಪೆಟ್ಟನ್ನು ನುಂಗುವ ಗುಣ. ಕಾರವಾರದ ಉಪ್ಪುಗಾಳಿಯಲ್ಲಿ ಹಗ್ಗಗಳನ್ನು ಕಂಬಕ್ಕೆ ಬಿಗಿಯುವ ಟರ್ನ್‌ಬಕಲ್‌ಗಳ ತಿರುಪಿಗೆ ಬಲುಬೇಗ ತುಕ್ಕು ಹಿಡಿಯುತ್ತದೆ. ಹೊರಗಿನ ಬಣ್ಣ ಚೆನ್ನಾಗಿಯೇ ಇರುತ್ತದೆ, ಒಳಗೆ ಲೋಹ ಪುಡಿಯಾಗುತ್ತಿರುತ್ತದೆ. ಪ್ರತಿ ಪ್ರದರ್ಶನಕ್ಕೆ ಮುಂಚೆ ಒಬ್ಬರು ನಾಲ್ಕೂ ಮೂಲೆಗಳ ಹೊದಿಕೆ ಬಿಚ್ಚಿ, ತಿರುಪನ್ನು ಕೈಯಿಂದ ತಿರುಗಿಸಿ ನೋಡಿ, ಗ್ರೀಸ್ ಹಚ್ಚಿ, ಪುಸ್ತಕದಲ್ಲಿ ಸಹಿ ಹಾಕಬೇಕು.

ಕಾನೂನಿನ ವಿಷಯ ಚಿಕ್ಕದು. 1932ರ ಕಾಯ್ದೆಯಡಿ ಪಾಲುದಾರಿಕೆಯನ್ನು ನೋಂದಾಯಿಸಿ, ಅಥವಾ 2008ರ ಕಾಯ್ದೆಯಡಿ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ, ಅಂದರೆ ಎಲ್‌.ಎಲ್‌.ಪಿ. ಮಾಡಿಕೊಳ್ಳಿ, ಎರಡನೆಯದರಲ್ಲಿ ಸಾಲ ನಿಮ್ಮ ಮನೆಯವರೆಗೆ ಬರುವ ಭಯ ಕಡಿಮೆ. ನಾಟಕ, ಸರ್ಕಸ್‌ಗಳಿಗಿರುವಂತೆ ತಲಾ 500 ರೂಪಾಯಿವರೆಗಿನ ಪ್ರವೇಶ ಶುಲ್ಕಕ್ಕೆ ಜಿ.ಎಸ್‌.ಟಿ. ವಿನಾಯಿತಿಯಿದೆ, ಆದರೆ ಪ್ರಾಯೋಜಕರು ಕೊಡುವ ಹಣಕ್ಕೆ ಅದು ಅನ್ವಯಿಸದು. ಬಯಲಿನಲ್ಲಿ ರಾತ್ರಿ 10ರ ನಂತರ ಧ್ವನಿವರ್ಧಕಕ್ಕೆ ನಿರ್ಬಂಧವಿರುವುದರಿಂದ ಆರೂವರೆಗೇ ಆರಂಭಿಸಿ.

ಪ್ರಶ್ನೆ: ಹದಿನೇಳು ವರ್ಷದ ನನ್ನ ಮಗ ರೆಸ್ಲಿಂಗ್ ಕಂಪನಿಯೊಂದಕ್ಕೆ ಸೇರುತ್ತೇನೆಂದು ಹಟ ಹಿಡಿದಿದ್ದಾನೆ. ಎಲ್ಲ ಮೊದಲೇ ನಿಶ್ಚಯವಾಗಿರುತ್ತದೆ, ಪೆಟ್ಟಾಗುವುದಿಲ್ಲ ಎನ್ನುತ್ತಾನೆ. ನಿಜವೇ?
— ಓದುಗರು, ಶಿರಸಿ

ಉತ್ತರ: ಯಾರು ಗೆಲ್ಲಬೇಕೆಂಬುದು ಮೊದಲೇ ನಿಶ್ಚಯವಾಗಿರುತ್ತದೆ, ನಿಜ. ಬೀಳುವುದು ಮಾತ್ರ ನಿಜವಾದ ಬೀಳುವಿಕೆಯೇ. ಹಿಮ್ಮುಖವಾಗಿ ಬೀಳುವಾಗ ಗಲ್ಲವನ್ನು ಎದೆಗೆ ಒತ್ತಿ, ಉಸಿರು ಬಿಟ್ಟು, ಬೆನ್ನಿನ ಮೇಲ್ಭಾಗ ಮತ್ತು ಎರಡೂ ಅಂಗೈಗಳು ಒಮ್ಮೆಗೇ ನೆಲಕ್ಕೆ ತಾಗುವಂತೆ ಬೀಳುವುದನ್ನು ಮೊದಲು ಕಲಿಸುತ್ತಾರೆ. ಗಲ್ಲ ಒಂದು ಕ್ಷಣ ಸಡಿಲವಾದರೆ ತಲೆಯ ಹಿಂಭಾಗ ಹಲಗೆಗೆ ಬಡಿಯುತ್ತದೆ. ಈ ಒಂದು ಅಭ್ಯಾಸಕ್ಕೆ ತಿಂಗಳುಗಟ್ಟಲೆ ಸಮಯ ಕೊಡದೆ, ಹುಡುಗರನ್ನು ಹಗ್ಗದ ಮೇಲಿಂದ ಹಾರಲು ಬಿಡುವ ತರಬೇತುದಾರನಿದ್ದರೆ ಮಗನನ್ನು ಅಲ್ಲಿಂದ ಆ ದಿನವೇ ಕರೆದುಕೊಂಡು ಬನ್ನಿ. 1999ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ, ಲೋಕದ ಅತಿ ದೊಡ್ಡ ಕಂಪನಿಯ ಪ್ರದರ್ಶನದಲ್ಲಿಯೇ, ಓವನ್ ಹಾರ್ಟ್ ಎಂಬ ನುರಿತ ಕುಸ್ತಿಪಟು ಎತ್ತರದಿಂದ ರಿಂಗಿಗೆ ಇಳಿಯುವ ಸಾಹಸದಲ್ಲಿ ಬಿದ್ದು ತೀರಿಕೊಂಡರು. ಕುಸ್ತಿಗೆ ಬೇಕೇ ಇಲ್ಲದ ಅಬ್ಬರಕ್ಕಾಗಿ ಹೋದ ಜೀವ ಅದು.

ಭಾರತೀಯ ಕರಾರು ಕಾಯ್ದೆಯ ಪ್ರಕಾರ 18 ತುಂಬದವರು ಮಾಡಿಕೊಂಡ ಒಪ್ಪಂದ ಊರ್ಜಿತವಲ್ಲ. ಆದ್ದರಿಂದ ಈಗ ಅವನಿಂದ ಯಾವ ಕಾಗದಕ್ಕೂ ಸಹಿ ಹಾಕಿಸಬೇಡಿ. ವ್ಯಾಯಾಮ, ಜಿಮ್ನಾಸ್ಟಿಕ್ಸ್ ಅಥವಾ ನಮ್ಮ ಮಣ್ಣಿನ ಕುಸ್ತಿ ಕಲಿಯಲಿ. ಮುಂದೆ ಸೇರುವುದಾದರೆ ಕಂಪನಿಯನ್ನು ಕೇಳಬೇಕಾದ ಮುಖ್ಯ ಪ್ರಶ್ನೆ ತಲೆಗೆ ಪೆಟ್ಟಾದರೆ ಏನು ಮಾಡುತ್ತೀರಿ ಎಂಬುದು. ತಲೆಗೆ ಪೆಟ್ಟಾದ ಅನುಮಾನ ಬಂದರೂ ಆ ದಿನ ಮತ್ತೆ ರಿಂಗಿಗೆ ಇಳಿಸುವಂತಿಲ್ಲ, ವೈದ್ಯರ ಒಪ್ಪಿಗೆಯಿಲ್ಲದೆ ನಂತರವೂ ಇಲ್ಲ. ಗಂಭೀರವಾದ ತಲೆಪೆಟ್ಟಿಗೆ ನಮ್ಮ ಜಿಲ್ಲೆಯವರು ಇಂದಿಗೂ ಮಣಿಪಾಲ, ಹುಬ್ಬಳ್ಳಿ ಅಥವಾ ಗೋವಾಕ್ಕೆ ಧಾವಿಸಬೇಕಾಗಿದೆ. ಹಾಗಿರುವಾಗ ಮೈದಾನದ ಬದಿಯಲ್ಲಿ ಆಂಬುಲೆನ್ಸ್ ಇಲ್ಲದೆ, ಅಪಘಾತ ವಿಮೆಯಿಲ್ಲದೆ ಪ್ರದರ್ಶನ ನಡೆಸುವವರಿಗೆ ಯಾರ ಮಗನನ್ನೂ ಒಪ್ಪಿಸಲಾಗದು. ವಿಮೆಯ ಪತ್ರದಲ್ಲಿ ಇಂಥ ಪ್ರದರ್ಶನಗಳನ್ನು ಹೊರಗಿಟ್ಟಿಲ್ಲವೆಂಬುದನ್ನು ಓದಿಯೇ ತಿಳಿದುಕೊಳ್ಳಿ.

ಪ್ರಶ್ನೆ: ನಮ್ಮ ಕಡೆ ಕುಸ್ತಿಗೆ ಅಭಿಮಾನಿಗಳು ಹೆಚ್ಚು. ನಮ್ಮ ರೆಸ್ಲಿಂಗ್ ಪ್ರದರ್ಶನವನ್ನು ‘ಭಾರೀ ಕುಸ್ತಿ ಪಂದ್ಯಾವಳಿ’ ಎಂದು ಪ್ರಚಾರ ಮಾಡಿದರೆ ಜನ ಬಂದಾರಲ್ಲವೇ?
— ಓದುಗರು, ಹಳಿಯಾಳ

ಉತ್ತರ: ಒಮ್ಮೆ ಬಂದಾರು. ಮಣ್ಣಿನ ಕುಸ್ತಿಯನ್ನು ತಲೆಮಾರುಗಳಿಂದ ಬಲ್ಲ ಹಳಿಯಾಳದ ಪ್ರೇಕ್ಷಕ ಪಟ್ಟು ನಿಜವೋ ಅಲ್ಲವೋ ಎಂದು ಮೊದಲ ಹಿಡಿತದಲ್ಲೇ ಹೇಳಬಲ್ಲ. ಮೋಸಹೋದೆನೆಂದು ಅವನಿಗೆ ಅನ್ನಿಸಿದರೆ ನಿಮ್ಮ ಕಂಪನಿಗೆ ಆ ತಾಲ್ಲೂಕಿನ ಬಾಗಿಲು ಮುಚ್ಚಿತು. ಇದು ನಿಶ್ಚಯಿತ ಪ್ರದರ್ಶನ ಎಂದು ಡಬ್ಲ್ಯೂ.ಡಬ್ಲ್ಯೂ.ಎಫ್‌. (ಇಂದಿನ ಡಬ್ಲ್ಯೂ.ಡಬ್ಲ್ಯೂ.ಇ.) ಸಂಸ್ಥೆಯೇ 1989ರಲ್ಲಿ, ಕ್ರೀಡಾ ನಿಯಂತ್ರಣದಿಂದ ಹೊರಗುಳಿಯುವ ಸಲುವಾಗಿ, ನ್ಯೂಜೆರ್ಸಿಯಲ್ಲಿ ಬಹಿರಂಗವಾಗಿ ಒಪ್ಪಿಕೊಂಡಿತು; ಅದರಿಂದ ಅವರ ಪ್ರೇಕ್ಷಕರು ಚದುರಲಿಲ್ಲ. ನೀವು ಕರಪತ್ರದಲ್ಲಿ ‘ರೆಸ್ಲಿಂಗ್ ಪ್ರದರ್ಶನ’ ಎಂದೇ ಮುದ್ರಿಸಿ. ಗರಡಿಯ ಪೈಲ್ವಾನರನ್ನು ಅತಿಥಿಗಳಾಗಿ ಕರೆದು ಗೌರವಿಸಿ. ಅವರನ್ನು ರಿಂಗಿನಲ್ಲಿ ಸೋಲಿಸಿ ತೋರಿಸುವ ಕಥೆಯನ್ನು ಮಾತ್ರ ದಯವಿಟ್ಟು ಹೆಣೆಯಬೇಡಿ.

ಪ್ರಶ್ನೆ: ಕುಸ್ತಿಪಟುಗಳು ರಿಂಗಿಗೆ ಬರುವಾಗ ಸಿನಿಮಾ ಹಾಡು ಹಾಕಬಹುದೇ?
— ಓದುಗರು, ಕುಮಟಾ

ಉತ್ತರ: ಟಿಕೆಟ್ ಮಾರುವ ಪ್ರದರ್ಶನದಲ್ಲಿ ಹಾಕಬೇಕಾದರೆ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕುದಾರರ ಪರವಾನಗಿ ಪಡೆದು ಶುಲ್ಕ ಕಟ್ಟಬೇಕು. ವಿಡಿಯೋದಲ್ಲಿ ಬಳಸಲು ಬೇರೆಯೇ ಅನುಮತಿ ಬೇಕು. ಇಲ್ಲವಾದರೆ ಯೂಟ್ಯೂಬ್‌ನಲ್ಲಿ ವಿಡಿಯೋ ತಡೆಹಿಡಿಯಬಹುದು, ಅಥವಾ ಅದರ ಆದಾಯ ಹಾಡಿನ ಹಕ್ಕುದಾರರಿಗೆ ಹೋಗಬಹುದು. ಕುಮಟಾ, ಹೊನ್ನಾವರದ ಸುತ್ತ ಚೆಂಡೆ–ಮದ್ದಳೆಯವರಿಗೆ ಬರವಿಲ್ಲ. ಅವರಿಗೆ ಸಂಭಾವನೆ ಕೊಟ್ಟು ಪ್ರತಿ ಕುಸ್ತಿಪಟುವಿಗೆ ಒಂದೊಂದು ಪ್ರವೇಶದ ಚೆಂಡೆಯ ಬಡಿತ ಕಟ್ಟಿಸಿ, ಧ್ವನಿಮುದ್ರಣದ ಹಕ್ಕನ್ನು ಕಂಪನಿಯ ಹೆಸರಿಗೆ ಬರೆಸಿಕೊಳ್ಳಿ.